ಇಪ್ಪತ್ತರ ತನಕ ಎಣಿಸು

ಆ ಎಣಿಕೆಯ ಪರೀಕ್ಷೆಯನ್ನು ಕಂಡುಹಿಡಿದ ಮಹಾನುಭಾವ ನಾನೇ. ಅದಕ್ಕೆ ಯಾವ ಸುತ್ತೋಲೆಯೂ ಇರಲಿಲ್ಲ, ಮೇಲಿನವರ ಆದೇಶವೂ ಇರಲಿಲ್ಲ. ಕೈಯಲ್ಲಿ ಚಹಾದ ಕಪ್ಪು, ಎದುರಿಗೆ ಮುಖ ಗಂಟಿಕ್ಕಿಕೊಂಡು ಕುಳಿತ ಸಾಹೇಬರು, ಅವರನ್ನು ಹೇಗಾದರೂ ನಗಿಸಬೇಕೆಂಬ ನನ್ನ ಚಟ. ಅಷ್ಟೇ ಸಾಕಾಯಿತು. ಅವರು ನಗಲಿಲ್ಲ. ನನ್ನ ಜೋಕನ್ನು ಜಾರಿಗೆ ತಂದರು.

ನಾನು ನಿಪ್ಪಾಣಿ ಹತ್ತಿರದ ಅಕ್ಕೋಳದವನು. ಮದುವೆ, ಗಣಪತಿ ಮಂಟಪ, ಶಾಲೆಯ ಗ್ಯಾದರಿಂಗ್, ಎಲ್ಲಿ ಮೈಕ್ ಸಿಕ್ಕರೂ ಅಲ್ಲಿ ಊರಿನವರ ಧ್ವನಿ ತೆಗೆಯುವವನು. ಸೋದರಮಾವನ ಕೆಮ್ಮು, ತಲಾಠಿಯ ಗೊಣಗಾಟ, ಹಳೆಯ ಬಸ್ಸು ಗೇರು ಬದಲಿಸುವಾಗಿನ ನರಳಿಕೆ, ಈಯುವ ಎಮ್ಮೆ, ಓಟು ಕೇಳುವ ಪುಢಾರಿ ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆ ಕೊಡದೆ ಇದ್ದಾರೆ. ನನ್ನ ಸ್ವಂತ ಧ್ವನಿಗೆ ಅಲ್ಲಿ ಜಾಗ ಸಿಕ್ಕಿಲ್ಲ. ಅಪ್ಪಿತಪ್ಪಿ ಅದರಲ್ಲಿ ಮಾತಾಡಿದರೆ ಗೆಳೆಯರು, "ಇದ್ ಯಾರದಲೇ, ಹೊಸದು?" ಎನ್ನುತ್ತಾರೆ.

ರೋಗದ ಕಾಲದಲ್ಲಿ ಮದುವೆಗಳು ನಿಂತವು. ಹಿಂದೊಮ್ಮೆ ಹುಡುಗಿಯರು ನೋಡಲಿ ಎಂದು ಹೋಂಗಾರ್ಡಿಗೆ ಹೆಸರು ಹಚ್ಚಿದ್ದೆ. ಆ ಖಾಕಿ ಈಗ ಕೆಲಸಕ್ಕೆ ಬಂತು. ಕಾಗವಾಡದ ಆಚೆ, ಹೆದ್ದಾರಿಯಲ್ಲ, ಕಬ್ಬಿನ ನಡುವೆ ಹಾದು ಗಡಿ ದಾಟುವ ಒಂದು ಸಣ್ಣ ಡಾಂಬರು ರಸ್ತೆಯಲ್ಲಿ ನನ್ನನ್ನು ನಿಲ್ಲಿಸಿದರು. ಅಲ್ಲಿ ಎರಡು ಕಬ್ಬಿಣದ ಬ್ಯಾರಿಕೇಡು, ಒಂದು ಶಾಮಿಯಾನ, ಹಣೆಗೆ ಹಿಡಿಯುವ ಜ್ವರದ ಗನ್ನು, ಮುರಿದ ಕೈಯ ಪ್ಲಾಸ್ಟಿಕ್ ಕುರ್ಚಿಗಳು. ನನ್ನ ಹೆಗಲಿಗೆ ಬ್ಯಾಟರಿಯ ಕೈಮೈಕು. "ಸಾಲಾಗಿ ನಿಲ್ಲಿರಿ, ಮಾಸ್ಕ್ ತೆಗೆಯಬೇಡಿರಿ, ಕಾಗದ ಕೈಯಲ್ಲಿ ಹಿಡಿದುಕೊಳ್ಳಿರಿ" ಎಂದು ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಕೂಗುವುದು ನನ್ನ ಕೆಲಸ. ಮೊದಮೊದಲು ಅದನ್ನೂ ಒಬ್ಬೊಬ್ಬರ ಧ್ವನಿಯಲ್ಲಿ ಕೂಗುತ್ತಿದ್ದೆ. ಬಿಸಿಲಿನಲ್ಲಿ ಯಾರಿಗೂ ನಗು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಬಿಟ್ಟೆ.

ನಿಯಮ ಸರಳವಾಗಿತ್ತು. ರೋಗವಿಲ್ಲವೆಂಬ ವರದಿ ಇದ್ದವರು ಒಳಗೆ. ಈ ಕಡೆಯ ವಿಳಾಸದ ಆಧಾರ್ ಇದ್ದವರೂ ಒಳಗೆ. ಎರಡೂ ಇಲ್ಲದವರು ಹಿಂದಕ್ಕೆ. ಸಮಸ್ಯೆ ಇದ್ದದ್ದು ನಡೆದು ಬರುವವರದು. ಕೂಲಿಗೆ ಹೋದವರು, ಬಾಣಂತನಕ್ಕೆ ಹೋದವರು, ಇಟ್ಟಿಗೆ ಭಟ್ಟಿಯವರು. ಕಾಗದ ಕೇಳಿದರೆ, "ಮನ್ಯಾಗ ಐತ್ರಿ" ಎನ್ನುತ್ತಿದ್ದರು. ಮನೆ ಎಲ್ಲಿ ಎಂದರೆ ಕಬ್ಬೂರ ಎನ್ನುತ್ತಿದ್ದರು, ರಾಯಬಾಗ ಎನ್ನುತ್ತಿದ್ದರು. ಸಾಹೇಬರು ಮೈಸೂರು ಕಡೆಯವರು, ಹೊಸದಾಗಿ ವರ್ಗವಾಗಿ ಬಂದವರು. ಅವರಿಗೆ ಕಬ್ಬೂರಿಗೂ ಮಿರಜಿಗೂ ಧ್ವನಿಯಲ್ಲಿ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

"ಎಲ್ಲರೂ ಇಲ್ಲಿಯವರೇ ಅಂತಾರೆ ಕಣಯ್ಯಾ. ಎಲ್ಲರೂ ಎರಡೂ ಭಾಷೆ ಮಾತಾಡ್ತಾರೆ. ಯಾರನ್ನ ನಂಬಲಿ ನಾನು?" ಎಂದರು ಆ ದಿನ.

ನಾನು ಚಹಾ ಗುಟುಕರಿಸಿ ಜಾಣತನ ತೋರಿಸಿದೆ. "ಮಾತಾಡಸಬ್ಯಾಡ್ರಿ ಸಾಹೇಬ್ರ, ಎಣಸಾಕ ಹಚ್ಚ್ರಿ. ಮನಶಾ ಬೈಯೂದು ಯಾವ ಭಾಷಾದಾಗರ ಬೈತಾನ, ಎಣಸೂದ ಮಾತ್ರ ಅವರವ್ವನ ಭಾಷಾದಾಗ." ಹಾಗೆಂದು ತೋರಿಸಿಯೂಬಿಟ್ಟೆ. ಹಲ್ಲಿಲ್ಲದ ಅಜ್ಜ ಕನ್ನಡದಲ್ಲಿ ಎಣಿಸುವುದು, ಬಾಯಲ್ಲಿ ತಂಬಾಕು ಇಟ್ಟುಕೊಂಡವನು ಮರಾಠಿಯಲ್ಲಿ ಎಣಿಸುವುದು. ನಮ್ಮ ಹವಾಲ್ದಾರ ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ರಾಯಬಾಗ ತಾಲೂಕಿನವರು, ನಿವೃತ್ತಿಯ ಹೊಸ್ತಿಲಲ್ಲಿದ್ದವರು. ಸಾಹೇಬರು ನಗದೆ ಕಪ್ಪು ಕೆಳಗಿಟ್ಟು, ಅಷ್ಟರಲ್ಲಿ ಸೈಕಲ್ ತಳ್ಳಿಕೊಂಡು ಬಂದವನೊಬ್ಬನಿಗೆ, "ಏಯ್, ಇಪ್ಪತ್ತರ ತನಕ ಎಣಿಸು" ಎಂದರು.

ಅವನು ಕನ್ನಡದಲ್ಲಿ ಎಣಿಸಿದ. ಒಳಗೆ ಹೋದ. ಹಿಂದೆ ಇದ್ದವನು ಮರಾಠಿಯಲ್ಲಿ ಎಣಿಸಿದ. ತಿರುಗಿ ಹೋದ. ಜಗಳವಿಲ್ಲ, ಕೂಗಾಟವಿಲ್ಲ. ಸಾಹೇಬರ ಮುಖದ ಗಂಟು ಮೊದಲ ಬಾರಿ ಬಿಚ್ಚಿತು.

ಕಾಕಾ ನನ್ನನ್ನು ಶಾಮಿಯಾನದ ಹಿಂದೆ ಎಳೆದುಕೊಂಡು ಹೋದರು. "ಏ ಮಂಗ್ಯಾ, ನಿಮ್ಮ ನಿಪ್ಪಾಣಿ ಕಡೆ ಮಂದಿ ಮರಾಠಿ ಸಾಳ್ಯಾಗ ಕಲ್ತಾರಲೇ. ಅವ್ರು ಹೆಂಗ ಎಣಸ್ಯಾರ?"

"ಗಮ್ಮತ್ತಿಗಿ ಹೇಳಿದ್ನಿರಿ ಕಾಕಾ."

"ನೀ ಗಮ್ಮತ್ತಿಗಿ ಹೇಳಿದಿ, ಅಂವಾ ರೂಲ್ ಮಾಡಿದ. ಈಗ ನಿಮ್ಮಪ್ಪ ಬಂದ್ರೂ ಎಣಸಬೇಕ."

ಕೆಲವೇ ದಿನಗಳಲ್ಲಿ ಅದಕ್ಕೊಂದು ಪದ್ಧತಿ ಬಂತು. ಕಾಗದವಿಲ್ಲದವನು ಬ್ಯಾರಿಕೇಡಿನಿಂದ ನಾಲ್ಕು ಹೆಜ್ಜೆ ದೂರ ಸುಣ್ಣದ ಗೆರೆಯ ಮೇಲೆ ನಿಲ್ಲಬೇಕು. ನಾನು ಕೈಮೈಕಿನಲ್ಲಿ "ಎಣಸ್ರಿ" ಎನ್ನಬೇಕು. ಅವನು ಎಣಿಸಬೇಕು. ತಡವರಿಸಿದರೆ ಇನ್ನೊಮ್ಮೆ. ಕೊನೆಗೆ ನಾನು ಸಾಹೇಬರ ಕಡೆ ನೋಡಿ ಕೈ ಬಲಕ್ಕೆ ಅಥವಾ ಎಡಕ್ಕೆ ಆಡಿಸಬೇಕು. ಬಲಕ್ಕೆಂದರೆ ಒಳಗೆ. ಧ್ವನಿ ತೆಗೆಯುವವನನ್ನು ಕಿವಿ ಮಾಡಿದ್ದರು. ಮಾಸ್ಕಿನಿಂದಾಗಿ ಮುಖ ಕಾಣುತ್ತಿರಲಿಲ್ಲ. ಒಳ್ಳೆಯದೇ ಆಯಿತು. ಜನ ಬರುತ್ತಿರಲಿಲ್ಲ, ಅಂಕಿಗಳು ಬರುತ್ತಿದ್ದವು. ಒಬ್ಬ ಎಂದರೆ ಗಟ್ಟಿಯಾದ ಒಂದು "ಎಂಟ", ಇನ್ನೊಬ್ಬಳು ಎಂದರೆ ಮೂಗಿನಲ್ಲಿ ಹೊರಟ ಒಂದು "ಸಾತ". ಕೈ ತಾನಾಗಿಯೇ ಆಡುತ್ತಿತ್ತು. ಮನೆಗೆ ಹೋದಾಗ ಅತ್ತಿಗೆ, "ಏನರ ಮಾಡಿ ತೋರಸೋ, ನಗೂದ ಮರ್ತೈತಿ" ಎಂದರೆ ಗಂಟಲಿನಿಂದ ಮಾವನೂ ಬರಲಿಲ್ಲ, ಎಮ್ಮೆಯೂ ಬರಲಿಲ್ಲ. ಉಂಡು ಮಲಗಿದೆ.

ಕಾರುಗಳವರು ಎಣಿಸುತ್ತಿರಲಿಲ್ಲ. ಅಥಣಿ ಕಡೆಯ ದ್ರಾಕ್ಷಿ ತೋಟದ ಧಣಿಯೊಬ್ಬರು ದಿನ ಬಿಟ್ಟು ದಿನ ದಾಟುತ್ತಿದ್ದರು. ಗಾಜು ಎರಡು ಬೆರಳಿನಷ್ಟು ಇಳಿಯುತ್ತಿತ್ತು. ಒಳಗೆ ಅವರು ಫೋನಿನಲ್ಲಿ ಶುದ್ಧ ಮರಾಠಿಯಲ್ಲಿ ಯಾರಿಗೋ ದರ ಹೇಳುತ್ತಿದ್ದರು. ಸಾಹೇಬರು ಎದ್ದು ನಿಲ್ಲುತ್ತಿದ್ದರು. ನಾನು ಬ್ಯಾರಿಕೇಡು ಸರಿಸುತ್ತಿದ್ದೆ. ಗೆರೆಯ ಮೇಲೆ ನಿಂತಿದ್ದ, ಮನೆ ಕಟ್ಟುವ ಒಬ್ಬ ಗೌಂಡಿ, "ಅವ್ರಿಗೆ ಎಣಕಿ ಬರೂದಿಲ್ಲೇನ್ರಿ?" ಎಂದು ಒಮ್ಮೆ ಕೇಳಿದ. ಕಾಕಾ ತಂಬಾಕು ತಿಕ್ಕುತ್ತ, "ಅವರದ ಗಾಡಿ ಎಣಸತೈತೋ. ನೀ ನಿಂದ ಎಣಸು" ಎಂದರು. ಎಲ್ಲರೂ ನಕ್ಕರು, ಗೌಂಡಿಯೂ ನಕ್ಕ. ಆಮೇಲೆ ಹದಿಮೂರಕ್ಕೆ ತಪ್ಪಿ ಮೊದಲಿನಿಂದ ಶುರು ಮಾಡಿದ.

ಪರೀಕ್ಷೆ ಕೆಟ್ಟದ್ದು ಎಂದು ಗೊತ್ತಾಗಲು ತಡವಾಗಲಿಲ್ಲ. ಆ ಕಡೆಯವರು ದೂರದ ಜಾಲಿಗಿಡದ ನೆರಳಲ್ಲಿ ಕುಳಿತು ಕನ್ನಡದ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಬರತೊಡಗಿದರು. ಅವರು ಪಾಸು. ಈ ಕಡೆಯವರು ತಯಾರಿಯಿಲ್ಲದೆ ಬಂದು, ತಮ್ಮ ರೂಢಿಯಂತೆ ಎಣಿಸಿ ಫೇಲಾಗುತ್ತಿದ್ದರು. ಒಮ್ಮೆ ಬೀಡಿ ಕಟ್ಟುವ ಹೆಂಗಸೊಬ್ಬಳು ಬಂದಳು. ನಿಪ್ಪಾಣಿಯ ಹತ್ತಿರದವಳು, ಮಗಳ ಮನೆಯಿಂದ ಹೊರಟಿದ್ದಳು. ಬೀಡಿಯ ಕಟ್ಟು ಕಟ್ಟುವಾಗ ಎಣಿಸುವುದೆಲ್ಲ ಮರಾಠಿಯಲ್ಲೇ. ಬೆರಳು ಮಡಚುತ್ತ ಅದೇ ವೇಗದಲ್ಲಿ ಸರಸರ ಎಣಿಸಿ, ಇಪ್ಪತ್ತಕ್ಕೆ ನಿಲ್ಲದೆ ಇಪ್ಪತ್ತೈದಕ್ಕೆ ಒಂದು ಕಟ್ಟು ಮುಗಿಸಿಯೇ ನಿಂತಳು. ಅವಳ ಧ್ವನಿ ನಮ್ಮ ಓಣಿಯದು. ನಾನು ಕೈ ಆಡಿಸಲಿಲ್ಲ.

"ಸಾಹೇಬ್ರ, ಈಕಿ ನಮ್ಮ ಕಡ್ಯಾಕಿನ ರಿ."

"ಯಾವುದರಲ್ಲಿ ಎಣಿಸಿದಳು?"

"ಮರಾಠ್ಯಾಗ್ರಿ. ಆದ್ರ..."

"ಆದ್ರೆ ಅಂದ್ರೆ ನಾಳೆ ಎಲ್ಲರಿಗೂ ಆದ್ರೆ ಅನ್ನಬೇಕಾಗತ್ತೆ."

ನಾನು ಮತ್ತೊಮ್ಮೆ ಹೇಳಲಿಲ್ಲ. ಕೈ ಎಡಕ್ಕೆ ಆಡಿತು. ಅವಳು ಚೀಲ ತಲೆಯ ಮೇಲಿಟ್ಟುಕೊಂಡು, ದೊಡ್ಡ ರಸ್ತೆಯ ನಾಕಾ ಎಷ್ಟು ದೂರ ಎಂದು ಕೇಳಿದಳು. ಹೇಳಿದೆ. ಹೋದಳು. ಮುಂದಿನವನಿಗೆ "ಎಣಸ್ರಿ" ಎಂದೆ.

ಕುರಿಯ ಹೆಂಗಸು ಬಂದದ್ದು ಅದಾಗಿ ನಾಲ್ಕಾರು ದಿನಗಳ ಮೇಲೆ. ಆ ದಿನ ನಸುಕಿನಲ್ಲೇ ಒಂದು ಕುರಿಹಿಂಡು ದಾಟಿತ್ತು. ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ಕೂಡಿಹಾಕಿಸುತ್ತಾರೆ. ಕುರಿ ತರುಬುವುದು ಎನ್ನುತ್ತಾರೆ ಅದಕ್ಕೆ. ಆ ಕಡೆಯ ಹೊಲಗಳಲ್ಲಿ ತರುಬಿ, ತಮ್ಮೂರು ಅಲಖನೂರಿನ ದಾರಿ ಹಿಡಿದಿದ್ದ ಹಿಂಡು ಅದು. ಗಂಡನ ಹತ್ತಿರ ಆಧಾರ್ ಇತ್ತು, ಅವನು ದಾಟಿದ. ಕುರಿಗಳಿಗೆ ಯಾರೂ ಏನೂ ಕೇಳಲಿಲ್ಲ. ಹೆಂಡತಿ ಬಿಸಿಲೇರಿದ ಮೇಲೆ ಬಂದಳು. ಸಂಸಾರವೆಲ್ಲ ಹೇರಿದ ಒಂದು ತಟ್ಟುಕುದುರೆ, ಅದರ ಎರಡೂ ಬದಿಗೆ ಬಲೆಯ ಚೀಲಗಳು, ಚೀಲಗಳಿಂದ ಹೊರಗೆ ಚಾಚಿದ ಎಳೆಮರಿಗಳ ತಲೆಗಳು. ದೂರ ನಡೆಯಲಾರದ ಮರಿಗಳನ್ನು ಹೀಗೆ ಹಿಂದಿನಿಂದ ತರುತ್ತಾರೆ. ತಾಯಿಗಳು ಮುಂದೆ ಹೋಗಿರುತ್ತವೆ, ಹಾಲು ಕುಡಿಯುವ ಹೊತ್ತಿಗೆ ಮರಿಗಳು ಅವುಗಳನ್ನು ಸೇರಬೇಕು.

ಅವಳ ಆಧಾರ್ ಗಂಡನ ಕಿಸೆಯಲ್ಲಿತ್ತು. ಫೋನೂ ಅವನ ಹತ್ತಿರವೇ. ಅವಳ ಹತ್ತಿರದ ಚೀಟಿಯಲ್ಲಿದ್ದ ಅವನ ನಂಬರಿಗೆ ನಾನೇ ಹಚ್ಚಿ ನೋಡಿದೆ, ಬಂದ್ ಆಗಿತ್ತು.

"ಎಣಿಸಮ್ಮಾ, ಇಪ್ಪತ್ತರ ತನಕ" ಎಂದರು ಸಾಹೇಬರು.

ಅವಳು ಚೀಲಗಳನ್ನು ಇಳಿಸಿ ಮರಿಗಳನ್ನು ನೆಲಕ್ಕೆ ಬಿಡುತ್ತಿದ್ದಳು. ತಲೆ ಎತ್ತಲಿಲ್ಲ. "ಇಲ್ರಿ. ಮರಿ ಮುಂದ ನಾವ ಬಾಯಾಗ ಎಣಕಿ ತರೂದಿಲ್ರಿ."

"ಮರಿ ಎಣಿಸು ಅನ್ನಲಿಲ್ಲ. ಸುಮ್ಮನೆ ಎಣಿಸು."

"ಸುಮ್ನನೂ ಇಲ್ರಿ. ನಾವ ಎಣಸೂದು ಕಟುಕಗ ಮಾರೂ ಮುಂದ ಅಷ್ಟ. ಎಣಿಸಿದ್ದನ್ನ ಬ್ಯಾರೆ ನಿಲ್ಲಸ್ತೀವಿ, ಅದ ಹೊಳ್ಳಿ ಹಿಂಡಿಗಿ ಬರೂದಿಲ್ಲ."

ಸಾಹೇಬರು ನನ್ನ ಕಡೆ ನೋಡಿದರು. ನಾನು ಕಾಕಾನ ಕಡೆ ನೋಡಿದೆ. ಕಾಕಾ ರಸ್ತೆಯ ಕಡೆ ನೋಡಿದರು.

"ಇವಳು ಎಲ್ಲಿಯವಳು? ಹೇಳು, ನಿನ್ನ ಕಿವಿಗೆ ಗೊತ್ತಾಗಬೇಕಲ್ಲ."

ಗೊತ್ತಾಗಲಿಲ್ಲ. ಮಾತು ಕನ್ನಡ, ಅದರ ನಡುವೆ ತಟ್ಟುವಿಗೆ ಬೈದದ್ದು ಮರಾಠಿ, ಮರಿಗಳಿಗೆ ಹೇಳಿದ್ದು ಎರಡೂ ಅಲ್ಲದ ಹುರ್ ಹುರ್. ವರ್ಷದಲ್ಲಿ ಅರ್ಧ ಆ ಕಡೆ, ಅರ್ಧ ಈ ಕಡೆ ನಡೆಯುವವರ ನಾಲಿಗೆಗೆ ಊರಿನ ಮೊಹರು ಬಿದ್ದಿರುವುದಿಲ್ಲ. ಹಾಗೆ ಹೇಳಿದೆ. "ಹಾಗಾದ್ರೆ ಎಣಿಸೋ ತನಕ ಅಲ್ಲೇ ಇರಲಿ" ಎಂದರು.

ಅವಳು ಗೆರೆಯ ಆಚೆ ಕುಳಿತಳು. ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಮಧ್ಯಾಹ್ನವಾಯಿತು. ಮರಿಗಳು ಮೊದಲು ಅವಳ ಸೀರೆಯ ಅಂಚು ಚೀಪಿದವು, ಆಮೇಲೆ ಬ್ಯಾರಿಕೇಡಿನ ಕಬ್ಬಿಣ ನೆಕ್ಕಿದವು, ಆಮೇಲೆ ಒಂದೇ ಸಮನೆ ಒದರತೊಡಗಿದವು. ಅವಳು ಬಾಟಲಿಯಿಂದ ನೀರನ್ನು ಅಂಗೈಗೆ ಹಾಕಿ ಹಿಡಿದಳು. ಮೂಸಿ ಮುಖ ತಿರುಗಿಸಿದವು. ಎಲ್ಲಕ್ಕಿಂತ ಚಿಕ್ಕದೊಂದು ಮರಿ ಒದರುವುದನ್ನು ನಿಲ್ಲಿಸಿ ಕಾಲು ಚಾಚಿ ಮಲಗಿತು.

"ಸಂಜಿಗಿ ಇದ ಇರೂದಿಲ್ಲ" ಎಂದಳು, ಹವಾಮಾನ ಹೇಳಿದಂತೆ.

ನನಗೆ ಏನು ಮಾಡಬೇಕೋ ತೋಚಲಿಲ್ಲ. ತೋಚದಾಗ ನಾನು ಮಾಡುವುದು ಒಂದೇ. ಗಂಟಲು ಸರಿಮಾಡಿಕೊಂಡು, ತಾಯಿಕುರಿ ಮರಿಯನ್ನು ಕರೆಯುವ ಆ ಒಳಗಿನ ಧ್ವನಿ ತೆಗೆದೆ. ಚಲೋ ಬಂತು, ಇಷ್ಟು ದಿನಗಳಲ್ಲಿ ಮೊದಲ ಬಾರಿ ಸರಿಯಾಗಿ ಬಂತು. ಮರಿಗಳೆಲ್ಲ ತಲೆ ಎತ್ತಿ, ಬ್ಯಾರಿಕೇಡಿನ ಕೆಳಗಿನಿಂದ ನುಸುಳಿ, ನನ್ನ ಪ್ಯಾಂಟಿಗೆ ಬಾಯಿ ಹಾಕಿ ಗುದ್ದತೊಡಗಿದವು. ಮಲಗಿದ್ದ ಮರಿಯೂ ಎದ್ದು ಎರಡು ಹೆಜ್ಜೆ ಬಂದು ಬಿತ್ತು. ಸಾಹೇಬರು ಆ ದಿನ ನಕ್ಕರು.

ಹೆಂಗಸು ಕುಳಿತಲ್ಲಿಂದಲೇ ಹೇಳಿದಳು. "ಮಲ್ಯಾಗ ಹಾಲ ಇದ್ರ ಕರಿ ತಮ್ಮಾ. ಇಲ್ಲಂದ್ರ ಬಾಯಿ ಮುಚ್ಚು."

ಮರಿಗಳನ್ನು ಒಂದೊಂದಾಗಿ ಎತ್ತಿ ಆಚೆ ಬಿಟ್ಟೆ. ಅವುಗಳ ಹೊಟ್ಟೆ ಕೈಗೆ ಖಾಲಿ ಚೀಲದಂತೆ ಸಿಕ್ಕಿತು. ಕೋಪ ಬರಲಿಲ್ಲ, ದುಃಖವೂ ಬರಲಿಲ್ಲ. ಕೈ ಒರೆಸಿಕೊಂಡು ಸಾಹೇಬರ ಮುಂದೆ ಹೋಗಿ ನಿಂತೆ.

"ಸಾಹೇಬ್ರ, ಈ ಎಣಕಿ ಖೊಟ್ಟಿ ಐತ್ರಿ."

"ಏನು?"

"ನಾ ಹುಟ್ಟಿದ್ದ ಇಲ್ಲೇ, ಓಟ ಹಾಕೂದ ಇಲ್ಲೇ, ಮೈಮ್ಯಾಗಿನ ಖಾಕಿ ನಿಮ್ದ. ನಂದೊಂದ ಎಣಕಿ ಕೇಳ್ರಿ." ಬ್ಯಾರಿಕೇಡಿನ ಸಂದಿಯಿಂದ ಹೋಗಿ ಗೆರೆಯ ಮೇಲೆ ನಿಂತೆ. ಯಾರ ಧ್ವನಿಯನ್ನೂ ತೆಗೆಯಲಿಲ್ಲ. "ಏಕ, ದೋನ, ತೀನ, ಚಾರ..." ಸೋಳಾ, ಸತ್ರಾ ದಾಟಿ ವೀಸ ಎಂಬ ಇಪ್ಪತ್ತರವರೆಗೆ ಒಂದೇ ಉಸಿರಿನಲ್ಲಿ ಎಣಿಸಿದೆ. ಕಾಕಾ ತಲೆಯ ಮೇಲೆ ಕೈ ಇಟ್ಟುಕೊಂಡರು.

ಸಾಹೇಬರು ಪೂರ್ತಿ ಕೇಳಿದರು. "ಮರಾಠಿ ಶಾಲೇಲಿ ಓದಿದ್ಯಾ?"

"ಹೌದ್ರಿ. ಮನಿ ಹತ್ರ ಇದ್ದದ್ದ ಅದ."

"ಸರಿ. ಆ ಕಡೆ ಹೋಗಿ ನಿಂತ್ಕೋ."

ನಾನು ನಕ್ಕೆ. ಅವರು ನಗಲಿಲ್ಲ. "ರೂಲ್ ನಿಂದೇ ಅಲ್ವೇನಯ್ಯಾ? ಮರಾಠೀಲಿ ಎಣಿಸಿದವರು ಆ ಕಡೆ. ಖಾಕಿ ಹಾಕಿದವರನ್ನ ಬಿಡಬೇಕು ಅಂತ ನೀನೂ ಹೇಳಿರಲಿಲ್ಲ, ನಾನೂ ಹೇಳಿಲ್ಲ." ಸಿಟ್ಟಿನಲ್ಲಿ ಹೇಳಲಿಲ್ಲ. ಸೈಕಲ್ಲಿನವನಿಗೆ, ಗೌಂಡಿಗೆ, ಬೀಡಿಯ ಹೆಂಗಸಿಗೆ ಹೇಳಿದ ಅದೇ ಧ್ವನಿ. ಆ ಧ್ವನಿಯನ್ನು ನಾನು ಚೆನ್ನಾಗಿ ತೆಗೆಯುತ್ತಿದ್ದೆ.

ಗೆರೆ ದಾಟಿ ಆಚೆ ಹೋದೆ. ಅದೇ ಡಾಂಬರು, ಅದೇ ಬಿಸಿಲು. ಆ ಕಡೆಯಿಂದ ನೋಡಿದರೆ ನಮ್ಮ ಶಾಮಿಯಾನ ಮದುವೆಗೆ ಹಾಕಿದ್ದಂತೆ ಕಾಣುತ್ತಿತ್ತು. ಹೆಂಗಸು ಸ್ವಲ್ಪ ಸರಿದು ಜಾಗ ಕೊಟ್ಟಳು. ಕುಳಿತೆ.

"ಕುರಿ ಎಷ್ಟ ದೂರ ಹೋಗಿರ್ತಾವ್ರಿ ಅಕ್ಕಾರ?"

"ದೂರ ಹೋಗಿರೂದಿಲ್ಲ. ಮಲಿ ಬಿಗದ್ರ ತಾಯಿ ಮುಂದ ನಡ್ಯೂದಿಲ್ಲ. ಅಲ್ಲೇ ದಾರಿ ತಿರುವಿನಾಚಿ ಹೊಲದಾಗ ನಿಲ್ಲಿಸಿರ್ತಾನ. ಗಾಳಿ ಆ ಕಡಿಂದ ಬರಾಕತ್ತೈತಿ, ಮರಿ ಒದರೂದ ಅವಕ್ಕ ಕೇಳವಲ್ದು."

ಆಗ ಗಮನಕ್ಕೆ ಬಂತು. ಕೈಮೈಕು ಇನ್ನೂ ನನ್ನ ಹೆಗಲಿನಲ್ಲೇ ಇತ್ತು. ವಾಪಸು ಇಸಿದುಕೊಳ್ಳಲು ಯಾರಿಗೂ ನೆನಪಾಗಿರಲಿಲ್ಲ.

ಬಾಯಿಗೆ ಹಿಡಿದೆ. ಅವಳು ನನ್ನನ್ನು ನೋಡಿದಳು. ಇಳಿಸಿದೆ. ಗುಂಡಿ ಒತ್ತಿ ಮೈಕನ್ನು ನೆಲದ ಹತ್ತಿರ, ಒದರುವ ಮರಿಯ ಬಾಯಿಯ ಮುಂದೆ ಹಿಡಿದೆ. ಮೈಕ್ ಹಿಡಿದು ನಾನು ಬಾಯಿ ತೆರೆಯದೆ ಇದ್ದದ್ದು ಅದೇ ಮೊದಲು. ಮರಿಯ ಕೂಗು ಕಬ್ಬಿನ ಮೇಲೆ ಹಾದು ಹೋಯಿತು. ಒಂದಾದ ಮೇಲೊಂದು ಮರಿಗೆ ಹಿಡಿಯುತ್ತ ಹೋದೆ. ಮಲಗಿದ್ದ ಮರಿಯನ್ನು ಅವಳೇ ಎತ್ತಿ ತಂದು ಮೈಕಿನ ಮುಂದೆ ಹಿಡಿದಳು. ಅದರದು ಕೂಗಲ್ಲ, ಬಾಗಿಲಿನ ಕಿರುಗುಟ್ಟುವಿಕೆ. ಅದನ್ನೂ ಮೈಕು ದೊಡ್ಡದು ಮಾಡಿತು.

"ಏಯ್, ಏನದು, ಆಫ್ ಮಾಡು!" ಸಾಹೇಬರು ಕೂಗಿದರು. ನಾನು ಆ ಕಡೆಯವನು. ಆಫ್ ಮಾಡಲಿಲ್ಲ.

ಸ್ವಲ್ಪ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಧೂಳು ಎದ್ದಿತು. ತಾಯಿಕುರಿಗಳು ಮುಂದೆ, ಉಳಿದ ಹಿಂಡೆಲ್ಲ ಹಿಂದೆ, ರಸ್ತೆ ತುಂಬ. ನಾಕಾಕ್ಕೆ ಬಂದವು, ನಿಲ್ಲಲಿಲ್ಲ. ಕುರ್ಚಿ ಉರುಳಿತು, ಶಾಮಿಯಾನದ ಒಂದು ಕೋಲು ಬಗ್ಗಿತು, ಬ್ಯಾರಿಕೇಡು ಕಿರುಗುಟ್ಟಿ ತಾನಾಗಿಯೇ ಓರೆಯಾಯಿತು. ಸಾಹೇಬರು ಮೇಜಿನ ಮೇಲೆ ಹತ್ತಿ ನಿಂತಿದ್ದರು. ಮರಿಗಳು ಎದುರು ನುಗ್ಗಿದವು. ಮೂಸಾಟ, ಗುದ್ದಾಟ, ಆಮೇಲೆ ಬಾಲಗಳ ಅಲುಗಾಟ ಮಾತ್ರ. ಸಣ್ಣ ಮರಿಯನ್ನು ಅವಳು ಅದರ ತಾಯಿಯ ಕೆಳಗೆ ಹಿಡಿದು, ಬೆರಳಿನಿಂದ ಬಾಯಿ ಬಿಡಿಸಿ ಮೊಲೆ ಇಟ್ಟಳು. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅದರ ಗಂಟಲು ಒಮ್ಮೆ ಅಲುಗಿತು.

ಗಂಡ ಏದುಸಿರು ಬಿಡುತ್ತ ಓಡಿಬಂದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಎರಡು ಆಧಾರ್‌ಗಳನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಯಾರೂ ನೋಡಲಿಲ್ಲ.

ಕುಡಿಸುವುದು ಮುಗಿದ ಮೇಲೆ ಅವಳು ಹುರ್ ಎಂದಳು. ಹಿಂಡು ಹೊರಳಿತು. ಅದರ ನಡುವೆ ತಟ್ಟು, ತಟ್ಟುವಿನ ಪಕ್ಕದಲ್ಲಿ ಸಣ್ಣ ಮರಿಯನ್ನು ಕಂಬಳಿಯಲ್ಲಿ ಕಟ್ಟಿಕೊಂಡ ಅವಳು. ಓರೆಯಾದ ಬ್ಯಾರಿಕೇಡಿನ ಸಂದಿಯಲ್ಲಿ ಎಲ್ಲ ದಾಟತೊಡಗಿದವು. ಸಾಹೇಬರು ಮೇಜಿನಿಂದ ಇಳಿಯಲಿಲ್ಲ, ಎಣಿಸು ಎನ್ನಲಿಲ್ಲ. ಕಾಕಾ ಕಣ್ಣಿನಲ್ಲೇ ನನಗೆ ಸನ್ನೆ ಮಾಡಿದರು. ಕುರಿಗಳ ಜೊತೆ ನುಸುಳಿ ಬಾ ಎಂದು.

ನಾನು ಹಿಂಡಿನೊಳಗೆ ಕಾಲಿಟ್ಟೆ. ಹಳೆಯ ಚಟ ಎಲ್ಲಿ ಹೋಗುತ್ತದೆ?

"ಅಕ್ಕಾರ, ನಿಮ್ಮ ಹಿಂಡಿನ್ಯಾಗ ನಾನೂ ಬರಲೇನ್ರಿ? ಬೇಕಾದ್ರ ಬ್ಯಾ ಅಂತೀನಿ."

ಅವಳು ನಿಂತು, ತಿರುಗಿ, ಕೋಲಿನ ತುದಿಯನ್ನು ನನ್ನ ಎದೆಗೆ ಅಡ್ಡ ಹಿಡಿದಳು.

"ಬ್ಯಾಡ ತಮ್ಮಾ. ನೀ ಎಲ್ಲಾರ ಮುಂದ ಇಪ್ಪತ್ತರ ತನಕಾ ಎಣಿಸ್ಕೊಂಡ ನಿಂತಾಂವಾ. ಎಣಿಸಿದ್ದನ್ನ ನಾವ ಹೊಳ್ಳಿ ಹಿಂಡಿಗಿ ಬಿಟ್ಕೊಳ್ಳೂದಿಲ್ಲ."